ಪುಸ್ತಕ ಮುಗಿದ ಮೇಲಿನ ಭಾನುವಾರಗಳು

ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆಂದು ಗೋಣಿಕೊಪ್ಪಲಿನಲ್ಲಿ ಬಸ್ಸಿಳಿದೆ. ಮಳೆ ಹಿಡಿದಿತ್ತು. ಕೊಡೆ ಬಿಚ್ಚುವಷ್ಟರಲ್ಲಿ ತೋಯ್ದುಹೋಗುತ್ತೇನೆಂದು ಪಕ್ಕದ ಕರಿಮೆಣಸಿನ ಅಂಗಡಿಯ ಜಗಲಿ ಹತ್ತಿ ನಿಂತೆ. ಒಳಗೆ ಯಾರೋ ಚೀಲಗಳನ್ನು ಎಳೆದು ಒಂದರ ಮೇಲೊಂದು ಒಟ್ಟುತ್ತಿದ್ದರು. ಥಂಡಿ ಹಿಡಿದ ಗೋಣಿ, ಮೆಣಸಿನ ಖಾರ, ಕಾಫಿಯ ಹೊಟ್ಟು, ಇವು ಮೂರೂ ಕೂಡಿದ ವಾಸನೆ ಮೂಗಿಗೆ ಬಡಿದದ್ದೇ ಹಳೆಯ ಗೋದಾಮೊಂದರ ಮುಂದಿನ ಬೆಂಚು ಕಣ್ಣೆದುರು ನಿಂತಿತು. ಎಪ್ಪತ್ತು ದಾಟಿದ ಮೇಲೂ ಅದು ಹಾಗೇ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ.

ಆ ದಿನ ವಿದ್ಯಾರ್ಥಿಯ ಮನೆಯಲ್ಲಿ ಟಿ.ವಿ.ಯ ವಿಷಯಕ್ಕೆ ಗಂಡ ಹೆಂಡತಿಯ ನಡುವೆ ಸಣ್ಣ ವಾದ ನಡೆದಿತ್ತು. ಯಾವುದೋ ಕಾದಂಬರಿಯನ್ನು ಧಾರಾವಾಹಿ ಮಾಡಿದ್ದರು. ಕಾದಂಬರಿ ಮುಗಿದು ಎಷ್ಟೋ ವಾರವಾಗಿದ್ದರೂ ಧಾರಾವಾಹಿ ಮುಗಿದಿರಲಿಲ್ಲ. ಬರೆದವರು ನಿಲ್ಲಿಸಿದ ಜಾಗದಲ್ಲಿ ನಿಲ್ಲಿಸಬೇಕು ಎಂದು ಅವನು, ನೋಡುವವರಿಗೆ ಬೇಕಿದ್ದರೆ ಮುಂದುವರಿಸಿದರೆ ತಪ್ಪೇನು ಎಂದು ಅವಳು. "ನೀವು ಹೇಳಿ ಸರ್," ಎಂದು ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಕಾಫಿ ಕುಡಿದು ಲೋಟ ಕೆಳಗಿಟ್ಟೆ. ಅದೇ ಪ್ರಶ್ನೆ ಒಂದು ಮಳೆಗಾಲವಿಡೀ ನನ್ನ ನಿದ್ದೆ ಕೆಡಿಸಿತ್ತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡನೆಯ ಮಳೆಗಾಲ ಅದು. ಹಾಸನದ ಕಡೆಯವನಾದ ನನ್ನನ್ನು ಗೋಣಿಕೊಪ್ಪಲಿನ ಹೈಸ್ಕೂಲಿಗೆ ಕನ್ನಡ ಪಂಡಿತನಾಗಿ ಹಾಕಿದ್ದರು. ನನಗೆ ಇಪ್ಪತ್ತನಾಲ್ಕು ವರ್ಷ. ತರಗತಿಯಲ್ಲಿ ಕೊಡವ ಮಕ್ಕಳು, ಅರೆಭಾಷೆ ಆಡುವ ಗೌಡರ ಮಕ್ಕಳು, ಮಲಯಾಳ, ತಮಿಳು, ತುಳು ಮನೆಮಾತಿನ ಮಕ್ಕಳು ಒಟ್ಟಿಗೆ ಕೂತಿರುತ್ತಿದ್ದರು. ಕನ್ನಡ ಎಲ್ಲರಿಗೂ ಬರುತ್ತಿತ್ತು, ಯಾವ ಇಬ್ಬರಿಗೂ ಒಂದೇ ಥರ ಬರುತ್ತಿರಲಿಲ್ಲ.

ಮದುವೆಯಾಗದ ಮಾಷ್ಟ್ರುಗಳೆಲ್ಲ ಊಟಕ್ಕೆ ಹೋಗುತ್ತಿದ್ದದ್ದು ಬಸ್ಸು ನಿಲ್ದಾಣದ ಹಿಂದಿನ ದೇವಕ್ಕನ ಮನೆಗೆ. ಮುಂದಿನ ಕೋಣೆಯಲ್ಲಿ ಎರಡು ಉದ್ದ ಬೆಂಚು, ಹಿಂದೆ ಒಲೆ. ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ಮಳೆಗಾಲದಲ್ಲಿ ಎಳೆ ಬಿದಿರಿನ ಕಣಿಲೆ ಪಲ್ಯ, ಕೆಸುವಿನ ಸಾರು. ದೇವಕ್ಕನಿಗೆ ಆಗ ಮೂವತ್ತೈದು ಮೂವತ್ತಾರು ವರ್ಷ ಇರಬೇಕು. ಅವರ ಗಂಡ ಭಾಗಮಂಡಲದ ಕಡೆಯ ಗೌಡರ ಮನೆಯವರು. ಯುದ್ಧಕ್ಕೆ ಮೊದಲು ಗೋಣಿಕೊಪ್ಪಲಿನಲ್ಲಿ ಲಾರಿ ಓಡಿಸಿಕೊಂಡಿದ್ದವರು ಸೈನ್ಯಕ್ಕೆ ಡ್ರೈವರಾಗಿ ಸೇರಿ ಮಲಯಕ್ಕೆ ಹೋದರು. ಸಿಂಗಾಪುರ ಜಪಾನಿನವರ ಕೈಸೇರಿದ ಮೇಲೆ, ಕಾಣೆಯಾಗಿದ್ದಾರೆ ಎಂಬ ಒಂದು ಸಾಲಿನ ತಂತಿ ಗಂಡನ ಊರಿನ ಮನೆಗೆ ಬಂತು. ಆಗ ಮಗಳು ಲಲಿತೆ ಹೊಟ್ಟೆಯಲ್ಲಿದ್ದಳು. ಗಂಡನ ಅಣ್ಣ ಕುಶಾಲಪ್ಪನವರು ಬಂದು ಊರಿಗೆ ಕರೆದಾಗ ದೇವಕ್ಕ ಹೋಗಲಿಲ್ಲವಂತೆ. "ಅವರು ಬಂದರೆ ಇಲ್ಲಿಗೇ ಅಲ್ವಾ ಬರುದು," ಅಂದಿದ್ದರಂತೆ. ಅಂದಿನಿಂದ ಹದಿನಾರು ವರ್ಷ ಅವರು ಅದೇ ಮನೆಯಲ್ಲಿ ಊಟ ಬಡಿಸಿಕೊಂಡು ಇದ್ದರು. ಹಣೆಗೆ ಕುಂಕುಮ, ಕೊರಳಲ್ಲಿ ಕರಿಮಣಿ. ಅವರ ಮುಂದೆ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ನಾಟಕದ ಹುಚ್ಚು ಹಚ್ಚಿದವರು ಸುಬೇದಾರರು. ಸೈನ್ಯದಿಂದ ನಿವೃತ್ತರಾಗಿ ಬಂದು ಊರಿಗೆ ಒಂದು ವಾಚನಾಲಯ ಆಗಬೇಕೆಂದು ಹಟ ಹಿಡಿದಿದ್ದ ಕೊಡವ ಹಿರಿಯರು ಅವರು. ಕಾಫಿ ಎಲ್ಲ ಸಾಗಿಹೋಗಿ ಖಾಲಿಯಾಗಿದ್ದ ವ್ಯಾಪಾರಿಯೊಬ್ಬರ ಗೋದಾಮನ್ನು ಮಳೆಗಾಲದ ಮಟ್ಟಿಗೆ ಕೇಳಿ ಪಡೆದರು. ನನ್ನ ಹತ್ತಿರ ರಟ್ಟು ಹರಿದ ಒಂದು ಕಾದಂಬರಿ ಇತ್ತು. ಅದನ್ನು ಒಂದೇ ನಾಟಕವಾಗಿ ಮಾಡಿದರೆ ಅರ್ಧ ಕತೆ ಬಿಟ್ಟುಹೋಗುತ್ತದೆ ಎಂದು ನಾನು ಹೇಳಿದ್ದಕ್ಕೆ, "ವಾರಕ್ಕೆ ಒಂದು ತುಂಡು ಆಡುವ. ಜನರಿಗೂ ಮಳೆಯಲ್ಲಿ ಬೇರೆ ಕೆಲಸ ಎಂತ ಉಂಟು?" ಅಂದರು. ಹಾಗೆ ಜೂನ್ ತಿಂಗಳಿಂದ ಪ್ರತಿ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ನಾಟಕ ಶುರುವಾಯಿತು. ಸಂಜೆಯಾದರೆ ದೂರದವರಿಗೆ ಬಸ್ಸಿಲ್ಲ, ತೋಟದ ದಾರಿಯಲ್ಲಿ ಆನೆಯ ಭಯ. ಅದಕ್ಕೇ ಮಧ್ಯಾಹ್ನ. ತಗಡಿನ ಮಾಡಿನ ಮೇಲೆ ಮಳೆ ಜೋರಾಗಿ ಬಿದ್ದಾಗ ಒಂದು ಮಾತೂ ಕೇಳುತ್ತಿರಲಿಲ್ಲ. ಆಗ ನಟರು ಇದ್ದ ಭಂಗಿಯಲ್ಲೇ ನಿಂತುಬಿಡುತ್ತಿದ್ದರು, ಜನರೂ ಸುಮ್ಮನೆ ಕಾಯುತ್ತಿದ್ದರು. ಸದ್ದು ಇಳಿದ ಮೇಲೆ ಅರ್ಧಕ್ಕೆ ನಿಂತ ಮಾತು ಅಲ್ಲಿಂದಲೇ ಮುಂದಕ್ಕೆ ಹೋಗುತ್ತಿತ್ತು.

ಕಾದಂಬರಿ ಶಾರದೆ ಎಂಬ ಹೆಂಗಸಿನದು. ಗಂಡ ಯುದ್ಧಕ್ಕೆ ಹೋಗುತ್ತಾನೆ, ಕಾಗದ ಬರುವುದು ನಿಲ್ಲುತ್ತದೆ. ಅವಳು ಹೊಲಿಗೆ ಹಾಕಿ ಮಗುವನ್ನು ಸಾಕುತ್ತಾಳೆ. ಕೊನೆಯ ಪುಟದಲ್ಲಿ ಅಂಚೆಯವನು ಲಕೋಟೆ ಹಿಡಿದು ಗೇಟು ತೆಗೆಯುತ್ತಾನೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಮೆಟ್ಟಿಲಿಗೆ ಬರುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಲಕೋಟೆಯಲ್ಲಿ ಏನಿತ್ತು ಎಂದು ಬರೆದವರು ಹೇಳುವುದಿಲ್ಲ. ಇಂಥ ಕತೆಯನ್ನು ದೇವಕ್ಕನ ಊರಿನಲ್ಲಿ ಆಡಲು ಆರಿಸಿಕೊಂಡಾಗ ನನಗೆ ಯೋಚನೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂತು. ಅವರನ್ನೇ ಕೇಳಿದೆ. "ಆಡಿ ಮಾಷ್ಟ್ರೇ, ನನಗೆ ಎಂತ?" ಎಂದು ನಕ್ಕರು. ಮೊದಲ ಭಾನುವಾರದಿಂದಲೇ ಲಲಿತೆಯನ್ನು ಕರೆದುಕೊಂಡು ಬಂದು ಮುಂದಿನ ಬೆಂಚಿನಲ್ಲಿ ಕೂತರು. ಒಂದು ವಾರವೂ ತಪ್ಪಿಸಲಿಲ್ಲ.

ಶಾರದೆಯ ಪಾತ್ರ ಹಾಕುತ್ತಿದ್ದವನು ಕುಂಞಿರಾಮ. ಮಾಕುಟ್ಟದ ಗಡಿಯಾಚೆಯ ಮಲಯಾಳ ಸೀಮೆಯಿಂದ ಬಂದು ಪೇಟೆಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದ, ನನ್ನದೇ ವಯಸ್ಸಿನವನು. ಶಾರದೆ ನಡೆಯುವ ರೀತಿ, ಬಾಗಿಲಿಗೆ ಒರಗುವ ರೀತಿ ಎಲ್ಲವನ್ನೂ ಅವನು ದೇವಕ್ಕನನ್ನು ನೋಡಿ ಕಲಿತಿದ್ದ. ಊರಿಗೆಲ್ಲ ಅದು ಗೊತ್ತಿತ್ತು.

ಜುಲೈ ನಡುವಿನಲ್ಲಿ ಕೊನೆಯ ತುಂಡು ಆಡಿದೆವು. ಕುಂಞಿರಾಮ ಮೆಟ್ಟಿಲಿಗೆ ಬಂದ, ಅಂಚೆಯವನು ಲಕೋಟೆ ಚಾಚಿದ, ಪರದೆ ಬಿತ್ತು. ಯಾರೂ ಏಳಲಿಲ್ಲ. ಪರದೆ ಮತ್ತೆ ಏಳುತ್ತದೆ ಎಂದು ಜನ ಕಾದರು. ನಾನು ಮುಂದೆ ಬಂದು, ಕತೆ ಇಲ್ಲಿಗೆ ಮುಗಿಯಿತು ಎಂದೆ. ಹಿಂದಿನ ಸಾಲಿನಿಂದ ಒಬ್ಬರು, "ಹಾಗೆಂದರೆ ಹೇಗೆ ಮಾಷ್ಟ್ರೇ? ಕಾಗದದಲ್ಲಿ ಎಂತ ಇತ್ತು ಹೇಳಿ ಹೋಗಿ," ಎಂದರು. ಪುಸ್ತಕದಲ್ಲಿ ಇಲ್ಲ ಎಂದೆ. "ಪುಸ್ತಕದಲ್ಲಿ ಇಲ್ಲದಿದ್ದರೆ ನೀವು ಬರೀರಿ," ಎಂದು ಇನ್ನೊಬ್ಬರು. ಗೋದಾಮು ತುಂಬ ಅದೇ ಮಾತು ಎದ್ದಿತು. ನಾನು ಮುಂದಿನ ಬೆಂಚಿನ ಕಡೆ ನೋಡಲಿಲ್ಲ.

ಸುಬೇದಾರರಿಗೆ ಅಷ್ಟೇ ಬೇಕಾಗಿತ್ತು. "ಇನ್ನೂ ಆರು ಭಾನುವಾರ ಮಳೆ ಉಂಟು. ಮುಂದುವರಿಸುವ," ಎಂದರು. ಕುಂಞಿರಾಮನಿಗೆ ಒಪ್ಪಿಗೆಯಿರಲಿಲ್ಲ. "ಪುಸ್ತಕ ಇರುವವರೆಗೆ ಶಾರದೆ ಎಂತ ಮಾಡ್ತಾಳೆ ಅಂತ ನನಗೆ ಗೊತ್ತಿತ್ತು ಮಾಷೇ. ಇನ್ನು ನೀವು ಹೇಳಿದ ಹಾಗೆ ಅವಳು ನಡೀಬೇಕು. ಅವಳು ನಿಮ್ಮವಳಾ?" ಎಂದು ಕೇಳಿದ. ನನಗೆ ಸಿಟ್ಟು ಬಂತು. ನಿಜ ಹೇಳಬೇಕೆಂದರೆ ನನಗೆ ಬರೆಯುವ ಆಸೆ ಹತ್ತಿತ್ತು. ಅಷ್ಟು ಜನ ನನ್ನ ಬಾಯಿಯಿಂದ ಮುಂದಿನ ಮಾತಿಗೆ ಕಾದು ಕೂತದ್ದನ್ನು ನೋಡಿದ ಮೇಲೆ ಸುಮ್ಮನಿರುವುದು ಆಗಲಿಲ್ಲ. ಮರ್ಯಾದೆಗೆಂದು ಕಾದಂಬರಿ ಬರೆದವರಿಗೆ ಒಂದು ಕಾಗದ ಹಾಕಿ, ಮುಂದುವರಿಸಬಹುದೇ, ಲಕೋಟೆಯಲ್ಲಿ ತಾವು ಏನನ್ನು ಊಹಿಸಿದ್ದಿರಿ ಎಂದು ಕೇಳಿದೆ. ಉತ್ತರ ಬರುವವರೆಗೆ ಕಾಯಲಿಲ್ಲ.

ಆ ವಾರ ಒಂದು ಮಧ್ಯಾಹ್ನ ಅನ್ನ ಬಡಿಸುತ್ತಾ ದೇವಕ್ಕ ಮೆಲ್ಲಗೆ ಕೇಳಿದರು:

"ಎಂತ ಬರೀತೀರಿ ಮಾಷ್ಟ್ರೇ, ಆ ಕಾಗದದಲ್ಲಿ?"

"ಇನ್ನೂ ಯೋಚನೆ ಮಾಡಿಲ್ಲ ದೇವಕ್ಕ."

"ಕೆಟ್ಟದ್ದಾದರೆ ನನಗೆ ಮೊದಲೇ ಹೇಳಿ. ಎಲ್ಲರ ಎದುರು ಬೇಡ."

ಆ ಮಾತಿನ ಮೇಲೆ ಕೆಟ್ಟದ್ದನ್ನು ಬರೆಯುವ ಧೈರ್ಯ ನನಗೆಲ್ಲಿಂದ ಬರಬೇಕು? ಒಳ್ಳೆಯದನ್ನು ಪೂರ್ತಿ ಬರೆಯಲೂ ಕೈ ಏಳಲಿಲ್ಲ. ಬುದ್ಧಿವಂತಿಕೆ ಮಾಡಿದೆ. ಲಕೋಟೆ ಗಂಡನ ಸ್ನೇಹಿತನದು. ದೂರದ ಯಾವುದೋ ಆಸ್ಪತ್ರೆಯಲ್ಲಿ ಅವನನ್ನು ಹೋಲುವ ಒಬ್ಬನನ್ನು ಕಂಡೆ, ಬದುಕಿದ್ದಾನೆ, ಮಾತು ನಿಂತಿದೆ ಎಂದು ಅದರಲ್ಲಿ ಬರೆದಿದೆ. ಹೀಗೆ ಬರೆದರೆ ಎತ್ತ ಬೇಕಾದರೂ ತಿರುಗಿಸಬಹುದಲ್ಲ ಎಂದು ನನ್ನ ಲೆಕ್ಕ. ಭಾನುವಾರ ಕುಂಞಿರಾಮ ಆ ಕಾಗದ ಓದಿದಾಗ ಗೋದಾಮಿನಲ್ಲಿ ಎದ್ದ ಚಪ್ಪಾಳೆ ಮಳೆಯ ಸದ್ದನ್ನೂ ಮೀರಿತು. ಹೆಂಗಸರು ಕಣ್ಣೊರೆಸಿಕೊಂಡರು. ದೇವಕ್ಕ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಪರದೆಯ ಸಂದಿಯಿಂದ ಅದನ್ನು ನೋಡಿದ ಕೂಡಲೇ ನನಗೆ ಭಯವಾಯಿತು.

ಮಂಗಳವಾರ ಲಲಿತೆ ಶಾಲೆಯ ಹತ್ತಿರ ಬಂದಳು. ಓದು ಬಿಟ್ಟು ಅಮ್ಮನ ಜೊತೆ ಒಲೆ ನೋಡಿಕೊಳ್ಳುತ್ತಿದ್ದ ಹುಡುಗಿ, ಎಂದೂ ನನ್ನೊಡನೆ ನಾಲ್ಕು ಮಾತು ಆಡಿದವಳಲ್ಲ. ಅವಳಿಗೆ ಭಾಗಮಂಡಲದ ಕಡೆಯಿಂದ ಒಂದು ಸಂಬಂಧ ಕೂಡಿ ಬಂದಿತ್ತು. ಗಂಡಿನ ಕಡೆಯವರು ಒಳ್ಳೆಯವರೇ. ಕೇಳಿದ್ದು ಒಂದೇ ಮಾತು: ಹುಡುಗಿಯ ಅಪ್ಪ ಉಂಟಾ, ಇಲ್ಲವಾ? ಇದ್ದರೆ ಅವರೇ ಧಾರೆ ಎರೆಯಬೇಕು. ಇಲ್ಲದಿದ್ದರೆ ಸತ್ತವರಿಗೆ ಮಾಡುವ ಕರ್ಮ ಮುಗಿಸಿ ದೊಡ್ಡಪ್ಪ ಎರೆಯಲಿ. ಕುಶಾಲಪ್ಪನವರು ತಿಂಗಳುಗಟ್ಟಲೆ ಹೇಳಿ ಹೇಳಿ ದೇವಕ್ಕನನ್ನು ಒಪ್ಪಿಸಿದ್ದರು. ಆಷಾಢದ ಹೊತ್ತಿನ ಆಟಿ ತಿಂಗಳು ಕಳೆದ ಮೇಲೆ ಕರ್ಮ ಮಾಡುವುದೆಂದು ನಿಶ್ಚಯವಾಗಿತ್ತು. ಈ ಯಾವುದೂ ನನಗೆ ತಿಳಿದಿರಲಿಲ್ಲ.

"ಈಗ ಅಮ್ಮ ಬೇಡ ಹೇಳ್ತಾರೆ ಸರ್," ಎಂದಳು ಲಲಿತೆ. "ಆಸ್ಪತ್ರೆಯಲ್ಲಿ ಹುಡುಕಿಲ್ಲ, ಅದನ್ನೊಂದು ಹುಡುಕಿಸಬೇಕು ಅಂತ. ಸುಬೇದಾರರ ಹತ್ತಿರ ಮಿಲಿಟರಿ ಆಫೀಸಿಗೆ ಬರೆಸಿ ಬಂದಿದ್ದಾರೆ. ಗಂಡಿನ ಮನೆಗೂ ಹೇಳಿ ಕಳಿಸಿದ್ದಾರೆ, ಕಾಯಿರಿ ಅಂತ."

"ನಾಟಕದ್ದು ಸುಳ್ಳು ಎಂದು ಅವರಿಗೆ ಗೊತ್ತಿಲ್ಲವೇ?"

"ಗೊತ್ತುಂಟು. ಆದರೆ ಆಗಲಿಕ್ಕೆ ಸಾಧ್ಯ ಉಂಟಲ್ಲ, ಅಂತಾರೆ."

ಅವಳು ಕೊಡೆ ಬಿಚ್ಚಿ ಹೋದಳು. ನಾನು ಆ ದಿನ ಪಾಠ ಮಾಡಿದ್ದು ಏನು ಎಂದು ನನಗೇ ನೆನಪಿಲ್ಲ.

ಶುಕ್ರವಾರ ಕುಶಾಲಪ್ಪನವರೇ ಬಂದರು. ಶಾಲೆ ಬಿಟ್ಟಿತ್ತು. ತಲೆಯಿಂದ ಹೊದ್ದ ಕಂಬಳಿ ಕೊಪ್ಪೆಯಿಂದ ನೀರು ಸುರಿಯುತ್ತಾ ಜಗಲಿಯಲ್ಲಿ ನಿಂತಿದ್ದರು. ಐವತ್ತರ ಸಣಕಲು ಮನುಷ್ಯ. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡೆ. ಅವರು ಬಂದು ಬೆಂಚಿನ ತುದಿಯಲ್ಲಿ ಕೂತು ಸ್ವಲ್ಪ ಹೊತ್ತು ಕೈ ತಿಕ್ಕಿಕೊಂಡರು.

"ನಾಟಕದಲ್ಲಿ ಅವನನ್ನು ಸಾಯಿಸಿಬಿಡಿ ಮಾಷ್ಟ್ರೇ," ಎಂದರು.

ನಾನು ಎದ್ದು ಬಾಗಿಲು ಮುಂದೆ ಮಾಡಿದೆ.

"ನೀವೇ ಅಲ್ವಾ ಬದುಕಿಸಿದ್ದು. ಬರುವ ಭಾನುವಾರ, ಆಸ್ಪತ್ರೆಯಲ್ಲಿ ತೀರಿಹೋದ ಅಂತ ಇನ್ನೊಂದು ಕಾಗದ ಬರಲಿ. ದೇವಕಿ ಅಳ್ತಾಳೆ. ನೂರು ಜನರ ನಡುವೆ ಅಳ್ತಾಳೆ, ಮನೆಯಲ್ಲಿ ಒಬ್ಬಳೇ ಅಳುದಕ್ಕಿಂತ ಅದೇ ಒಳ್ಳೇದು. ಆಮೇಲೆ ಕರ್ಮಕ್ಕೆ ಒಪ್ತಾಳೆ."

"ಅದು ಹೇಗೆ ಸರಿಯಾಗುತ್ತದೆ? ಅವರು ಬದುಕಿಲ್ಲ ಎಂದು ನಮಗೆ ಗೊತ್ತೇ?"

ಕುಶಾಲಪ್ಪನವರು ಕೊಪ್ಪೆಯ ಒಳಗೆ ಕೈಹಾಕಿ, ಮೇಣಬಟ್ಟೆಯಲ್ಲಿ ಸುತ್ತಿದ್ದ ಒಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟರು. ಇಂಗ್ಲಿಷಿನಲ್ಲಿ ಟೈಪು ಮಾಡಿದ ಸರ್ಕಾರಿ ಕಾಗದ. ಯುದ್ಧ ಮುಗಿದ ಮರುವರ್ಷದ್ದು. ಇಷ್ಟು ಕಾಲ ಯಾವ ಸುದ್ದಿಯೂ ದೊರೆಯದ ಕಾರಣ ಇವರು ಮರಣ ಹೊಂದಿದ್ದಾರೆಂದು ಭಾವಿಸಲಾಗಿದೆ ಎಂದಿತ್ತು. ಹೆಂಡತಿಗೆ ಸಲ್ಲಬೇಕಾದ ಪಿಂಚಣಿಗೆ ಅರ್ಜಿ ಹಾಕಬಹುದೆಂದೂ ಇತ್ತು.

"ಹನ್ನೆರಡು ವರ್ಷ ಆಯ್ತು," ಎಂದರು ಅವರು. "ಊರಿನ ಮನೆಗೆ ಬಂತು. ಪೋಸ್ಟ್ ಮಾಸ್ಟ್ರು ಓದಿ ಹೇಳಿದ್ರು. ಆಗ ನಮ್ಮ ಅಮ್ಮ ಇದ್ದರು, ಅವರಿಗೆ ಹೇಳ್ಲಿಕ್ಕೆ ಆಗ್ಲಿಲ್ಲ. ದೇವಕಿಗೆ ಹೇಳುವ ಅಂತ ಎರಡು ಸಲ ಬಸ್ಸು ಹತ್ತಿ ಇಲ್ಲಿಗೆ ಬಂದೆ. ಊಟ ಮಾಡಿ ವಾಪಸ್ಸು ಹೋದೆ. ಆಮೇಲೆ ಇಷ್ಟು ದಿನ ಎಂತಕ್ಕೆ ಹೇಳ್ಲಿಲ್ಲ ಅಂತ ಕೇಳಿದರೆ ಎಂತ ಹೇಳುದು, ಅದೊಂದು ಹೆದರಿಕೆ ಹಿಡೀತು. ನಾನು ಕೆಟ್ಟವ ಅಲ್ಲ ಮಾಷ್ಟ್ರೇ. ನನ್ನ ತಮ್ಮ ಅವ."

ಬಯ್ಯಬೇಕು ಎನ್ನಿಸಿತು. ಆದರೆ ಹಿಂದಿನ ಭಾನುವಾರ ಇಲ್ಲದ ಕಾಗದವೊಂದನ್ನು ಬರೆದು ಅದೇ ಹೆಂಗಸಿನ ಎದುರು ಓದಿಸಿದವನು ನಾನು. ಅವರನ್ನು ಬಯ್ಯುವ ಬಾಯಿ ನನಗಿರಲಿಲ್ಲ.

"ಭಾನುವಾರ ಬೆಳಿಗ್ಗೆ ಬನ್ನಿ," ಎಂದೆ. "ನೀವೇ ಅವರ ಕೈಗೆ ಕೊಡಿ. ನಾನು ಓದಿ ಹೇಳುತ್ತೇನೆ."

ಒಪ್ಪಿದರು. ಹೊರಡುವಾಗ ಲಕೋಟೆಯನ್ನು ಮಾತ್ರ ಎತ್ತಿಕೊಳ್ಳಲಿಲ್ಲ. "ನಿಮ್ಮ ಹತ್ತಿರವೇ ಇರಲಿ. ನಾನು ತೆಗೆದುಕೊಂಡು ಹೋದರೆ ಮತ್ತೆ ತರ್ತೇನೆ ಅಂತ ನನಗೇ ನಂಬಿಕೆ ಇಲ್ಲ," ಎಂದು ಮಳೆಗಿಳಿದರು.

ಆ ಎರಡು ದಿನ ಹೇಗೆ ಕಳೆದೆನೋ. ಟ್ರಂಕಿನಲ್ಲಿ ಲಕೋಟೆ ಇಟ್ಟುಕೊಂಡು ಅವರ ಮನೆಯಲ್ಲೇ ಊಟಕ್ಕೆ ಕೂರಬೇಕು. ದೇವಕ್ಕ ಎಂದಿಗಿಂತ ಗೆಲುವಾಗಿದ್ದರು. ರೊಟ್ಟಿ ಹಾಕುತ್ತಾ, "ಮಾತು ನಿಂತವರಿಗೆ ಮತ್ತೆ ಮಾತು ಬರ್ತದಂತಲ್ಲ ಮಾಷ್ಟ್ರೇ, ಮಡಿಕೇರಿ ಆಸ್ಪತ್ರೆಯ ಕಾಂಪೌಂಡರ್ ಹೇಳಿದ್ರು," ಎಂದರು. ನಾನು ಹೂಂ ಎಂದೆ.

ಶನಿವಾರ ಕಾದಂಬರಿ ಬರೆದವರ ಉತ್ತರ ಬಂತು. ಶಾಯಿಯಲ್ಲಿ ಬರೆದ ಒಂದೇ ಪುಟ. ಮುಂದುವರಿಸಲು ನನ್ನ ಅಭ್ಯಂತರವಿಲ್ಲ, ಆದರೆ ನನ್ನನ್ನು ಕೇಳಿ ಪ್ರಯೋಜನವಿಲ್ಲ ಎಂದು ಬರೆದಿದ್ದರು. "ಲಕೋಟೆಯಲ್ಲಿ ಏನಿತ್ತೆಂದು ನಾನು ಓದುಗರಿಂದ ಮುಚ್ಚಿಟ್ಟಿದ್ದೇನೆ ಎಂದು ಎಲ್ಲರೂ ತಿಳಿದಿದ್ದಾರೆ. ನನಗೆ ಗೊತ್ತಿರಲಿಲ್ಲ, ಅಷ್ಟೇ. ಮೂರು ಬಾರಿ ಬರೆದು ನೋಡಿದೆ, ಮೂರೂ ಸುಳ್ಳೆನ್ನಿಸಿ ಹರಿದೆ. ನಿಮಗೆ ಗೊತ್ತಿದ್ದರೆ ಬರೆಯಿರಿ," ಎಂದಿತ್ತು.

ಆ ಕಾಗದ ಹಿಡಿದು ಸುಬೇದಾರರ ಮನೆಗೆ ಹೋದೆ. ಕುಶಾಲಪ್ಪನವರ ಲಕೋಟೆಯ ವಿಷಯ ಹೇಳಲಿಲ್ಲ. ಅದು ಮೊದಲು ಗೊತ್ತಾಗಬೇಕಾದದ್ದು ದೇವಕ್ಕನಿಗೆ. ನಾನು ಮುಂದೆ ಬರೆಯುವುದಿಲ್ಲ, ಕತೆ ನಿಲ್ಲಿಸೋಣ ಎಂದಷ್ಟೇ ಹೇಳಿದೆ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ನೀವು ಚಿಕ್ಕವರು," ಎಂದರು. "ನಾನು ಬರ್ಮಾದಿಂದ ನಡೆದು ಬಂದವ. ಜೊತೆಗಿದ್ದವರನ್ನು ದಾರಿಯಲ್ಲಿ ಬಿಟ್ಟು ಬಂದೆ. ಅವರ ಮನೆಯವರು ಈಗಲೂ ಸಂತೆಯಲ್ಲಿ ಸಿಕ್ತಾರೆ. ಇಷ್ಟು ವರ್ಷದಲ್ಲಿ ಒಬ್ಬನೂ ವಾಪಸ್ಸು ಬರ್ಲಿಲ್ಲ. ಒಂದು ಗೋದಾಮಿನಲ್ಲಿ, ಒಂದು ಭಾನುವಾರ, ಒಬ್ಬ ಬಂದರೆ ನಿಮಗೆ ಎಂತ ನಷ್ಟ?"

ನಾಳೆ ಒಂದು ವಾರದ ಮಟ್ಟಿಗಾದರೂ ನಿಲ್ಲಿಸಿ, ಕಾರಣ ಆಮೇಲೆ ಹೇಳುತ್ತೇನೆ ಎಂದು ಕೇಳಿಕೊಂಡೆ. ಅದಕ್ಕೆ ಒಪ್ಪಿದರು.

ಭಾನುವಾರ ಬೆಳಗಿನ ಬಸ್ಸು ಬರಲಿಲ್ಲ. ದಾರಿಯಲ್ಲಿ ಮರ ಬಿದ್ದಿದೆ ಎಂದರು. ನಾನು ನಿಲ್ದಾಣದಲ್ಲಿ ನಿಂತೇ ಇದ್ದೆ. ಕುಶಾಲಪ್ಪನವರು ಬಾರದಿದ್ದರೆ ಏನು ಮಾಡುವುದು, ಒಬ್ಬನೇ ಹೋಗಿ ಹೇಳುವುದೋ, ಇನ್ನೊಂದು ದಿನ ಟ್ರಂಕಿನಲ್ಲೇ ಇಟ್ಟುಕೊಳ್ಳುವುದೋ. ಹನ್ನೆರಡು ವರ್ಷ ಒಂದೊಂದು ದಿನವಾಗಿ ಹೇಗೆ ಆಗಿಹೋಗಿದ್ದೀತು ಎಂದು ಅಲ್ಲಿ ನಿಂತಾಗ ನನಗೆ ಅರ್ಥವಾಯಿತು. ಹತ್ತು ಗಂಟೆಯ ಹೊತ್ತಿಗೆ ಅವರು ಮೊಣಕಾಲಿನವರೆಗೆ ಕೆಸರಾಗಿ ನಡೆದುಕೊಂಡೇ ಬಂದರು.

ದೇವಕ್ಕ ಅಕ್ಕಿ ಆರಿಸುತ್ತಿದ್ದರು. ಲಲಿತೆ ಒಲೆಯ ಹತ್ತಿರ ಇದ್ದಳು.

"ಎಂತ ಭಾವ, ಈ ಮಳೆಯಲ್ಲಿ?" ಎಂದು ಎದ್ದವರು, ನಾನೂ ಜೊತೆಗಿದ್ದದ್ದನ್ನು ನೋಡಿ ಮೊರವನ್ನು ಕೆಳಗಿಟ್ಟರು.

ಕುಶಾಲಪ್ಪನವರು ಲಕೋಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಅವರಿಗೆ ಚಾಚಿದರು. "ಇದು ನಿನ್ನದು. ನಾನು ಕೊಡದೆ ಇಟ್ಟುಕೊಂಡಿದ್ದೆ," ಎಂದು ಎಲ್ಲವನ್ನೂ ಹೇಳಿದರು. ಪಿಂಚಣಿಯ ವಿಷಯವನ್ನೂ ಬಿಡಲಿಲ್ಲ. ದೇವಕ್ಕ ಅದನ್ನು ತಿರುಗಿಸಿ ನೋಡಿ ನನಗೆ ಕೊಟ್ಟರು. ನಾನು ಇಂಗ್ಲಿಷಿನಲ್ಲಿ ಒಂದು ಸಲ ಓದಿ, ಕನ್ನಡದಲ್ಲಿ ಹೇಳಿದೆ.

"ಸತ್ತಿದ್ದಾರೆ ಅಂತ ಉಂಟಾ, ಸತ್ತಿರಬಹುದು ಅಂತ ಉಂಟಾ?" ಎಂದು ಕೇಳಿದರು.

"ಸತ್ತಿದ್ದಾರೆಂದು ಭಾವಿಸಲಾಗಿದೆ, ಅಂತ."

"ಹಾಗಾದರೆ ಇವರಿಗೂ ಗೊತ್ತಿಲ್ಲ."

"ಇಲ್ಲ."

ಅವರು ಗೋಡೆಗೆ ಒರಗಿ ಕೂತರು. ಲಲಿತೆ ಬಂದು ಪಕ್ಕದಲ್ಲಿ ಕೂತಳು. ದೇವಕ್ಕ ಭಾವನ ಕಡೆ ನೋಡಿದರು.

"ದಿನಾ ಒಂದು ಪಾವು ಅಕ್ಕಿ ಜಾಸ್ತಿ ಹಾಕ್ತಿದ್ದೆ ಭಾವ. ಕೊನೆ ಬಸ್ಸಿಗೆ ಬಂದರೆ ಬೇಕಲ್ಲ ಅಂತ. ನೀವು ಬಂದಾಗೆಲ್ಲ ಅದರಲ್ಲೇ ನಿಮಗೂ ಬಡಿಸಿದ್ದು."

"ಗೊತ್ತುಂಟು. ಅದಕ್ಕೇ ಕೊಡ್ಲಿಕ್ಕೆ ಆಗ್ಲಿಲ್ಲ."

"ಕೊಡಬೇಕಿತ್ತು."

"ಹೌದು."

ಕುಶಾಲಪ್ಪನವರು ಅಳುತ್ತಿದ್ದರು. ದೇವಕ್ಕ ಅಳಲಿಲ್ಲ. ಆ ದಿನ ಮಧ್ಯಾಹ್ನ ಊಟಕ್ಕೆ ಬಂದವರಿಗೆಲ್ಲ ಎಂದಿನಂತೆ ಬಡಿಸಿದರು. ಭಾವನಿಗೂ ಬಡಿಸಿದರು. ಆದರೆ ಅವರ ಕಡೆ ನೋಡಿ ಒಂದು ಮಾತೂ ಆಡಲಿಲ್ಲ. ಆ ಸಿಟ್ಟು ಬಹಳ ದಿನ ಇತ್ತು.

ನಾನು ಕೈ ತೊಳೆದು ಹೊರಡುವಾಗ, ತಪ್ಪಾಯಿತು ಎಂದೆ. ಆ ಆಸ್ಪತ್ರೆ, ಆ ಸ್ನೇಹಿತ ಎಲ್ಲ ನಾನೇ ಕಟ್ಟಿದ್ದು, ಬರೆಯಬಾರದಿತ್ತು ಎಂದೆ.

"ನಾನು ಅಷ್ಟು ದಡ್ಡಿಯಾ ಮಾಷ್ಟ್ರೇ?" ಎಂದರು ದೇವಕ್ಕ. "ನೀವು ಕಟ್ಟಿದ್ದು ಅಂತ ಗೊತ್ತಿತ್ತು. ಅವರು ಇದ್ದಾರೆ ಅಂತ ನಾನು ಹೇಳಿದಾಗೆಲ್ಲ ಎದುರಿಗಿದ್ದವರು ನೆಲ ನೋಡುದು. ಹದಿನಾರು ವರ್ಷ ಅದನ್ನೇ ಕಂಡದ್ದು. ಆ ಭಾನುವಾರ ಅಷ್ಟು ಜನ ಒಟ್ಟಿಗೆ ಖುಷಿಪಟ್ಟರಲ್ಲ. ನನ್ನ ಹಾಗೇ. ಅದಕ್ಕೇ ನನಗೆ ತಲೆ ತಿರುಗಿದ್ದು."

ಆಟಿ ಕಳೆದ ಮೇಲೆ ಗಂಡನ ಊರಿನಲ್ಲಿ ಹೊಳೆಯ ದಡದಲ್ಲಿ ಕರ್ಮ ಮಾಡಿಸಿದರು. ಮಗಳಿಗಾಗಿ ಮಾಡಿದ್ದು ಎಂದು ಹೇಳಿಯೇ ಮಾಡಿದರು. ಅಲ್ಲಿಂದ ಬಂದ ಮೇಲೆ ಕುಂಕುಮ ಇಡಲಿಲ್ಲ, ಕರಿಮಣಿ ತೆಗೆಯಲಿಲ್ಲ. ಯಾರೂ ಕೇಳಲಿಲ್ಲ. ಕಾಫಿ ಕುಯ್ಲು ಶುರುವಾಗುವ ಮೊದಲೇ ಲಲಿತೆಯ ಮದುವೆ ಆಯಿತು. ಕುಶಾಲಪ್ಪನವರು ಧಾರೆ ಎರೆದರು. ಸುಬೇದಾರರು ಮಿಲಿಟರಿ ಆಫೀಸಿಗೆ ಓಡಾಡಿ ಎರಡು ವರ್ಷದ ಮೇಲೆ ಪಿಂಚಣಿ ಬರುವಂತೆ ಮಾಡಿದರು. ಆ ಹೊತ್ತಿಗೆ ನನಗೆ ಬೇರೆ ಊರಿಗೆ ವರ್ಗವಾಗಿತ್ತು.

ಆದರೆ ಮದುವೆಗೆ ಮೊದಲು, ಕರ್ಮ ಮುಗಿದ ಮರುವಾರವೇ ನಡೆದ ಒಂದನ್ನು ಹೇಳಬೇಕು. ದೇವಕ್ಕನ ವಿಷಯ ತಿಳಿದ ಮೇಲೆ ಸುಬೇದಾರರು ಮೂರು ಭಾನುವಾರ ಗೋದಾಮಿನ ಬಾಗಿಲು ತೆಗೆಸಲಿಲ್ಲ. ಇನ್ನು ನಾಟಕ ಇಲ್ಲ ಎಂದೇ ನಾನು ಸಮಾಧಾನದಿಂದಿದ್ದೆ. ಅಷ್ಟರಲ್ಲಿ ಶಾಲೆಯ ಗೋಡೆಗೆ ಒಂದು ಕಾಗದ ಅಂಟಿಸಿದ್ದು ಕಂಡೆ: ಶಾರದೆಯ ಕತೆಯ ಕೊನೆಯ ಭಾಗ. ಸುಬೇದಾರರೇ ಕೂತು ಬರೆದಿದ್ದರು. ಕುಂಞಿರಾಮ ಒಪ್ಪಿಕೊಂಡಿದ್ದ. ಅವನ ಅಂಗಡಿಗೆ ಹೋಗಿ, ನೀನೇ ಬೇಡ ಎಂದವನಲ್ಲವಾ ಎಂದು ಕೇಳಿದೆ. ಮಿಷನ್ನಿನಿಂದ ತಲೆ ಎತ್ತದೆ ಅವನು, "ದೇವಕ್ಕ ಬಂದು ಆಡು ಅಂದರು ಮಾಷೇ," ಎಂದ.

ನಾನು ಹೋಗಲಿಲ್ಲ. ಕೋಣೆಯಲ್ಲಿ ಕೂತು ಪರೀಕ್ಷೆಯ ಪೇಪರು ತಿದ್ದುವ ನೆಪ ಮಾಡಿದೆ. ಮಳೆ ಸ್ವಲ್ಪ ಬಿಟ್ಟಿದ್ದರಿಂದ ಗೋದಾಮಿನ ಗಲಾಟೆ ಅಲ್ಲಿಯವರೆಗೂ ಕೇಳುತ್ತಿತ್ತು. ಒಮ್ಮೆ ಎಲ್ಲ ನಿಶ್ಶಬ್ದವಾಯಿತು. ಆಮೇಲೆ ಬಹಳ ಹೊತ್ತಿನವರೆಗೆ ನಿಲ್ಲದ ಚಪ್ಪಾಳೆ.

ಮರುದಿನ ಮಧ್ಯಾಹ್ನ ಊಟಕ್ಕೆ ಹೋದೆ. ಬೆಂಚಿನಲ್ಲಿ ನಾನೊಬ್ಬನೇ. ದೇವಕ್ಕ ಅನ್ನ ಹಾಕಿ, ಸಾರು ಬಿಟ್ಟು, ಪಾತ್ರೆ ಹಿಡಿದುಕೊಂಡೇ ನಿಂತರು.

"ನೀವು ಬರ್ಲಿಲ್ಲ."

"ಇಲ್ಲ ದೇವಕ್ಕ."

"ಅವ ಬಂದ ಮಾಷ್ಟ್ರೇ. ಗಡ್ಡ ಬಿಟ್ಟುಕೊಂಡು, ಒಂದು ಕಾಲು ಎಳೆದುಕೊಂಡು. ಸುಬೇದಾರರೇ ಆ ಪಾತ್ರ ಹಾಕಿದ್ದು. ಗೇಟಿನ ಹತ್ತಿರ ನಿಂತು ಮನೆ ಇದೇನಾ ಅಂತ ನೋಡಿದ."

ನನಗೆ ಅವರ ಮುಖ ನೋಡಲಾಗಲಿಲ್ಲ. "ಹೇಗಿತ್ತು?" ಎಂದೆ.

ದೇವಕ್ಕ ಇನ್ನೊಂದು ಸೌಟು ಸಾರು ಬಿಟ್ಟರು.

"ಚೆನ್ನಾಗಿತ್ತು. ಆದರೆ ಅಷ್ಟು ದೂರದಿಂದ ಬಂದವನಿಗೆ ಶಾರದೆ ಕುಡೀಲಿಕ್ಕೆ ಒಂದು ಲೋಟ ನೀರು ಕೊಡ್ಲಿಲ್ಲ. ಅಳುದೇ ಆಯ್ತು, ಕಾಲು ಹಿಡಿಯುದೇ ಆಯ್ತು. ನಾನು ಮುಂದೆ ಕೂತು, ನೀರು ಕೊಡು, ಮೊದಲು ನೀರು ಕೊಡು ಅಂತ ಮನಸ್ಸಲ್ಲೇ ಹೇಳ್ತಾ ಇದ್ದೆ. ಕುಂಞಿರಾಮನಿಗೂ ಹೊಳೀಲಿಲ್ಲ, ಸುಬೇದಾರರಿಗೂ ಹೊಳೀಲಿಲ್ಲ." ಪಾತ್ರೆಯನ್ನು ಇನ್ನೊಂದು ಕೈಗೆ ಬದಲಿಸಿದರು. "ನೀವು ಬರೆದಿದ್ದರೆ ಕೊಡಿಸ್ತಿದ್ರಿ."

ನಾನು ಎಲೆಯ ಮೇಲೆ ಕೈಯಿಟ್ಟು ಹಾಗೇ ಕೂತೆ.

"ಉಣ್ಣಿ ಮಾಷ್ಟ್ರೇ, ಆರಿಹೋಗ್ತದೆ," ಎಂದು ಅವರು ಒಳಗೆ ಹೋದರು.